ರಾಕ್ ಅಂಡ್ ರೋಲ್: ಒಂದು ಹೆಸರಿನ ಹಿಂದಿನ ಜನ

ಪರಭಾಷೆಯ ಶಬ್ದವೊಂದು ನಮ್ಮ ಊರಿಗೆ ಬಂದಾಗ ತನ್ನ ಎಲ್ಲ ಅರ್ಥಗಳನ್ನೂ ಗಂಟುಕಟ್ಟಿಕೊಂಡು ಬರುವುದಿಲ್ಲ. ಇಲ್ಲಿ ಯಾವ ಅರ್ಥಕ್ಕೆ ಕೆಲಸವುಂಟೋ ಅದಷ್ಟೇ ಬಂದು ಬಿಡಾರ ಹೂಡುತ್ತದೆ. ಇಂಗ್ಲಿಷಿನ ‘ರಾಕ್’ ಎಂಬ ಶಬ್ದ ಕೋಲಾರದ ಚಿನ್ನದ ಗಣಿಗಳಿಗೆ ಬಂದದ್ದು ಬಂಡೆ ಎಂಬ ಅರ್ಥದಲ್ಲಿ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಗಣಿಗಳ ಜನರಿಗೆ ‘ರಾಕ್ ಬರ್ಸ್ಟ್’ ಎಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಯುತ್ತಿತ್ತು. ಮೇಲೆ ಮನೆಗಳ ಪಾತ್ರೆಗಳು ಅಲುಗುತ್ತಿದ್ದುವು. ಹೆಂಗಸರು ಶಾಫ್ಟಿನ ಕಡೆಗೆ ಓಡುತ್ತಿದ್ದರು. ಆ ಊರಿನಲ್ಲಿ ‘ರಾಕ್’ ಎಂಬುದು ಭಯದ ಶಬ್ದ.

ಆದರೆ ಇಂಗ್ಲಿಷಿನಲ್ಲಿ ಅದೇ ಉಚ್ಚಾರಣೆಯ ಇನ್ನೊಂದು ಶಬ್ದವುಂಟು. ಅದು ನಾಮಪದವಲ್ಲ, ಕ್ರಿಯಾಪದ. ತೊಟ್ಟಿಲನ್ನು ತೂಗುವುದು, ತೂಗಾಡುವುದು ಎಂಬುದು ಅದರ ಅರ್ಥ. ‘ರಾಕ್ ಅಂಡ್ ರೋಲ್’ ಎಂಬ ಸಂಗೀತದ ಹೆಸರಿನಲ್ಲಿರುವುದು ಈ ಎರಡನೆಯ ‘ರಾಕ್’. ಬಂಡೆಗೂ ಅದಕ್ಕೂ ಸಂಬಂಧವಿಲ್ಲ. ಬಂಗಾರಪೇಟೆಯಲ್ಲಿ ನನ್ನ ತರಗತಿಗೆ ಗಣಿಯಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬ, ನಾನಾರ್ಥ ಪದಗಳ ಪಾಠ ನಡೆದಿದ್ದಾಗ, ‘ಸಾರ್, ಕಲ್ಲಿಗೂ ಹಾಡಿಗೂ ಏನು ಸಾರ್ ಸಂಬಂಧ?’ ಎಂದು ಕೇಳಿದ್ದ. ಶಬ್ದದ ಮಟ್ಟಿಗೆ ಸಂಬಂಧವಿಲ್ಲವೆಂದು ಅಂದು ಹೇಳಿದೆ. ಜನರ ಮಟ್ಟಿಗೆ ಇದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದು ಈ ಭಾಷಣದ ಉದ್ದೇಶ.

ಮೊದಲು ಹೆಸರಿನ ಕಥೆಯನ್ನೇ ನೋಡೋಣ. ಹಾಯಿಹಡಗಿನ ಕಾಲದ ನಾವಿಕರು ಅಲೆಗಳ ಮೇಲೆ ಹಡಗು ಹಿಂದುಮುಂದಾಗಿ, ಪಕ್ಕದಿಂದ ಪಕ್ಕಕ್ಕೆ ತೊನೆಯುವುದನ್ನು ‘ರಾಕಿಂಗ್’, ‘ರೋಲಿಂಗ್’ ಎನ್ನುತ್ತಿದ್ದರು. ಅಮೆರಿಕದ ಕಪ್ಪು ಜನರ ಇಗರ್ಜಿಗಳಲ್ಲಿ ಭಕ್ತಿಯ ಆವೇಶ ಬಂದು ಮೈದೂಗುವುದಕ್ಕೂ ಅದೇ ಮಾತು ಬಳಕೆಗೆ ಬಂತು. ಇಗರ್ಜಿಯ ಹೊರಗೆ, ಮದ್ಯದಂಗಡಿಯ ಹಾಡುಗಳಲ್ಲಿ ಅದು ಗಂಡುಹೆಣ್ಣಿನ ಕೂಟಕ್ಕೆ ಸಂಕೇತವಾಯಿತು. 1922ರಲ್ಲಿಯೇ ಟ್ರಿಕ್ಸಿ ಸ್ಮಿತ್ ಎಂಬ ಕಪ್ಪು ಗಾಯಕಿ ಧ್ವನಿಮುದ್ರಿಸಿದ ಹಾಡೊಂದರ ಶೀರ್ಷಿಕೆಯಲ್ಲಿ ಈ ಎರಡು ಶಬ್ದಗಳೂ ಜೊತೆಯಾಗಿ ಇವೆ. ದೇವರ ಮುಂದೆ ತೂಗುವುದಕ್ಕೂ ನಲ್ಲನ ಮುಂದೆ ತೂಗುವುದಕ್ಕೂ ಒಂದೇ ಶಬ್ದ ಸಲ್ಲುವುದು ನಮಗೆ ಹೊಸತೇನಲ್ಲ. ನಮ್ಮ ಭಕ್ತಿಕಾವ್ಯವನ್ನು ಓದಿದವರಿಗೆ ಅದು ಸಹಜವಾಗಿಯೇ ಕಾಣುತ್ತದೆ.

ಇನ್ನು ಆ ಶಬ್ದವನ್ನು ಆಡಿದ ಜನ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಅಳಿಯಿತು. ಆದರೆ ಹತ್ತಿಯ ಹೊಲಗಳಲ್ಲಿ ಕಪ್ಪು ಒಕ್ಕಲುಗಳು ಪಾಲಿಗೆ ದುಡಿಯುತ್ತ, ಒಡೆಯನ ಅಂಗಡಿಯ ಸಾಲದಲ್ಲಿ ಸಿಕ್ಕಿಬಿದ್ದು, ಹೆಚ್ಚುಕಡಮೆ ಮೊದಲಿನಂತೆಯೇ ಬದುಕಿದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಅವರು ಊರು ಬಿಟ್ಟು ಹೊರಡತೊಡಗಿದರು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಜನ ಷಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ಮೊದಲಾದ ನಗರಗಳ ಕಾರ್ಖಾನೆಗಳಿಗೆ ವಲಸೆ ಹೋದರು. ಅವರ ಜೊತೆಯಲ್ಲಿ ಅವರ ಹಾಡುಗಳೂ ಹೋದುವು.

ನಮ್ಮ ಗಣಿಯ ಕಥೆ ಇದಕ್ಕಿಂತ ತೀರ ಬೇರೆಯಾದುದೇ? 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರು ಇಲ್ಲಿ ಕಾಲಿಟ್ಟರು. ಗಣಿಗಾರಿಕೆ ಬಲ್ಲವರು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದರು. ಕೆಳಗಿಳಿದು ದುಡಿಯುವ ಕೈಗಳು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದುವು. ಅವರಲ್ಲಿ ಬಹುಪಾಲು ಜನ ಅಸ್ಪೃಶ್ಯರೆನಿಸಿಕೊಂಡವರು. ಮೇಸ್ತ್ರಿಯಿಂದ ಮುಂಗಡ ಪಡೆದು, ಊರಿನ ಜೀತಕ್ಕಿಂತ ಭೂಗರ್ಭದ ಕತ್ತಲೆಯೇ ಮೇಲೆಂದು ಹೊರಟವರು. ಕೈಗೆ ನಗದು ಕೂಲಿ ಬರುವ ಕಡೆ ಮನುಷ್ಯನ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಮಾರಿಕುಪ್ಪಂನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಬೌದ್ಧ ಸಂಘದ ಶಾಖೆಯೊಂದು ಹುಟ್ಟಿತು. ಪಂಡಿತ ಅಯೋತ್ತಿದಾಸರ ಅನುಯಾಯಿಗಳು ಚಾಂಪಿಯನ್ ರೀಫಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ ತಮಿಳು ಪುಸ್ತಕಗಳನ್ನು ಹೊರತಂದರು. ಊರು ಬಿಟ್ಟು ಬಂದವರು ಹಳೆಯ ಹೆಸರನ್ನು ಬಿಟ್ಟು ಹೊಸ ಹೆಸರನ್ನು ತಾವೇ ಆರಿಸಿಕೊಳ್ಳುವುದು ಎರಡು ಕಡೆಯಲ್ಲಿಯೂ ನಡೆಯಿತು.

ಮತ್ತೊಂದು ಹೋಲಿಕೆಯೂ ಉಂಟು: ವಿದ್ಯುತ್ತು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು 1902ರಲ್ಲಿ ವಿದ್ಯುತ್ತನ್ನು ತಂದದ್ದು ಬೆಂಗಳೂರಿಗಲ್ಲ, ಮೊದಲು ಈ ಗಣಿಗೆ. ಅಮೆರಿಕದ ವಲಸೆಗಾರರ ಸಂಗೀತವನ್ನು ಬದಲಿಸಿದ್ದೂ ಈ ವಿದ್ಯುತ್ತೇ. ಹಳ್ಳಿಯ ಜಗಲಿಯಲ್ಲಿ ಒಬ್ಬನೇ ಕುಳಿತು ನುಡಿಸುವವನಿಗೆ ಸಾದಾ ಗಿಟಾರು ಸಾಕು. ಷಿಕಾಗೋ ನಗರದ ಮದ್ಯದಂಗಡಿಯ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. 1930ರ ದಶಕದ ಆರಂಭದಲ್ಲಿ ಬಂದ ವಿದ್ಯುತ್ ಗಿಟಾರು ಈ ಕೊರತೆಯನ್ನು ನೀಗಿಸಿತು.

ಮಡ್ಡಿ ವಾಟರ್ಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಮಕಿನ್ಲಿ ಮಾರ್ಗನ್‌ಫೀಲ್ಡನ ಬಾಳು ಇದಕ್ಕೆ ನಿದರ್ಶನ. 1941ರಲ್ಲಿ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ವಿದ್ವಾಂಸ ಜಾನ್ ವರ್ಕ್ ಮಿಸಿಸಿಪಿಯ ಹತ್ತಿಯ ತೋಟಗಳಿಗೆ ಹೋಗಿ ಅವನ ಹಾಡನ್ನು ಮುದ್ರಿಸಿಕೊಂಡರು. ತನ್ನ ಧ್ವನಿಯನ್ನು ತಾನೇ ಕೇಳಿದ ಆ ಒಕ್ಕಲಿಗ 1943ರಲ್ಲಿ ಷಿಕಾಗೋಗೆ ಹೊರಟ. ಹಗಲು ಕಾರ್ಖಾನೆ, ರಾತ್ರಿ ಹಾಡು. ಅಲ್ಲಿ ಅವನು ವಿದ್ಯುತ್ ಗಿಟಾರು ಹಿಡಿದ. ಲೋಮ್ಯಾಕ್ಸನ ಹೆಸರು ಲೋಕಪ್ರಸಿದ್ಧವಾಯಿತು. ಜಾನ್ ವರ್ಕ್ ಮತ್ತು ಅವನ ಸಂಗಡಿಗರ ಬರಹಗಳು ಪುಸ್ತಕವಾಗಿ ಹೊರಬರಲು 2005ರವರೆಗೆ ಕಾಯಬೇಕಾಯಿತು. ಹೆಸರಿನ ವಿಷಯದಲ್ಲಿ ಈ ಚರಿತ್ರೆ ಹೀಗೆಯೇ ನಡೆಯುತ್ತದೆ.

ಇಗರ್ಜಿಯ ಕಡೆಯಿಂದ ಬಂದವಳು ಸಿಸ್ಟರ್ ರೊಸೆಟ್ಟಾ ಥಾರ್ಪ್. ಆರ್ಕನ್‌ಸಾದಲ್ಲಿ 1915ರಲ್ಲಿ ಹುಟ್ಟಿದ ಈಕೆ ದೇವರ ಹಾಡುಗಳನ್ನೇ ವಿದ್ಯುತ್ ಗಿಟಾರಿನ ಮೇಲೆ, ಕಾಲು ಸುಮ್ಮನಿರಲಾರದಂಥ ಲಯದಲ್ಲಿ ನುಡಿಸಿದಳು. 1945ರ ಹೊತ್ತಿಗೆ ಆಕೆಯ ಭಕ್ತಿಗೀತೆಯೊಂದು ಕಪ್ಪು ಜನರ ರೆಕಾರ್ಡುಗಳ ಜನಪ್ರಿಯತೆಯ ಪಟ್ಟಿಯನ್ನು ಸೇರಿತ್ತು. ಮುಂದೆ ರಾಕ್ ಅಂಡ್ ರೋಲ್ ಎನಿಸಿಕೊಂಡ ಸಂಗೀತದ ಹೆಚ್ಚಿನ ಲಕ್ಷಣಗಳು ಆಕೆಯಲ್ಲಿ ಆಗಲೇ ಇದ್ದುವು. ಹೆಸರು ಮಾತ್ರ ಇರಲಿಲ್ಲ.

ಹಾಗಾದರೆ ಆ ರೆಕಾರ್ಡುಗಳನ್ನು ಏನೆಂದು ಮಾರುತ್ತಿದ್ದರು? 1920ರ ದಶಕದಿಂದ ವ್ಯಾಪಾರಿಗಳು ಅವಕ್ಕೆ ಇಟ್ಟಿದ್ದ ಹೆಸರು ‘ರೇಸ್ ರೆಕಾರ್ಡ್ಸ್’. ಎಂದರೆ ಜನಾಂಗದ ತಟ್ಟೆಗಳು. ನಮ್ಮ ಕೇರಿ ಎಂಬ ಶಬ್ದದಂತೆ ಅದು ಬೇಲಿ ಹಾಕುವ ಶಬ್ದ. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಆ ಹೆಸರನ್ನು ಬಿಟ್ಟು ‘ರಿದಮ್ ಅಂಡ್ ಬ್ಲೂಸ್’ ಎಂಬುದನ್ನು ಹಿಡಿಯಿತು. ಬೇಲಿ ಉಳಿಯಿತು, ಅದರ ಮೇಲಿನ ಫಲಕ ಬದಲಾಯಿತು.

ರಾಕ್ ಅಂಡ್ ರೋಲಿನ ಮೊದಲ ರೆಕಾರ್ಡು ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ವಾದವುಂಟು. ಕನ್ನಡದ ಮೊದಲ ಕಾದಂಬರಿ ಯಾವುದೆಂಬ ವಾದದಂತೆಯೇ ಅದೂ ಮುಗಿಯುವುದಿಲ್ಲ. ಹಲವರು ಹೆಸರಿಸುವುದು 1951ರ ಮಾರ್ಚಿಯಲ್ಲಿ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸನ ಪುಟ್ಟ ಸ್ಟುಡಿಯೋದಲ್ಲಿ ಮುದ್ರಿತವಾದ ‘ರಾಕೆಟ್ 88’ ಎಂಬ ಹಾಡನ್ನು. ಅದು ಒಂದು ಮೋಟಾರು ಕಾರಿನ ಸ್ತುತಿ. ವಾದ್ಯವೃಂದ ಐಕ್ ಟರ್ನರನದು. ತಟ್ಟೆಯ ಮೇಲೆ ಅಚ್ಚಾದ ಹೆಸರು ಹಾಡಿದ ಜಾಕಿ ಬ್ರೆನ್‌ಸ್ಟನನದು. ಸ್ಟುಡಿಯೋಗೆ ಬರುವ ದಾರಿಯಲ್ಲಿ ಗಿಟಾರಿನ ಧ್ವನಿವರ್ಧಕ ಕೆಟ್ಟಿತ್ತಂತೆ. ಹರಿದ ಸ್ಪೀಕರಿಗೆ ಕಾಗದ ತುರುಕಿ ನುಡಿಸಿದಾಗ ಹೊರಟ ಒರಟು, ಗೊಗ್ಗರು ದನಿಯೇ ಹಾಡಿನ ಆಕರ್ಷಣೆಯಾಯಿತು. ಬಡವರ ಕಲೆಯಲ್ಲಿ ಎಷ್ಟೋ ಸಲ ಕೊರತೆಯೇ ಶೈಲಿಯಾಗುತ್ತದೆ.

ಅದೇ ವರ್ಷ ಕ್ಲೀವ್‌ಲ್ಯಾಂಡ್ ನಗರದ ರೇಡಿಯೋದಲ್ಲಿ ಆಲನ್ ಫ್ರೀಡ್ ಎಂಬ ಬಿಳಿಯ ಉದ್ಘೋಷಕ ರಾತ್ರಿಯ ಹೊತ್ತು ಕಪ್ಪು ಜನರ ಹಾಡುಗಳನ್ನು ಕೇಳಿಸತೊಡಗಿದ. ರೇಡಿಯೋಗೆ ಕೇರಿಯ ಬೇಲಿಯಿಲ್ಲ. ಬಿಳಿಯರ ಮಕ್ಕಳೂ ಕೇಳಿದರು. 1952ರ ಮಾರ್ಚಿ 21ರಂದು ಅವನು ಏರ್ಪಡಿಸಿದ ಸಂಗೀತಕೂಟಕ್ಕೆ ಸಭಾಂಗಣ ಹಿಡಿಸುವುದಕ್ಕಿಂತ ಬಹು ಹೆಚ್ಚು ಜನ ನುಗ್ಗಿ, ಪೋಲೀಸರು ಅದನ್ನು ನಿಲ್ಲಿಸಬೇಕಾಯಿತು. ಅವನ ಕಾರ್ಯಕ್ರಮಕ್ಕಿದ್ದ ಹೆಸರು ‘ಮೂನ್‌ಡಾಗ್’. ಆ ಹೆಸರು ನ್ಯೂಯಾರ್ಕಿನ ಬೀದಿಗಳಲ್ಲಿ ನುಡಿಸುತ್ತಿದ್ದ ಲೂಯಿ ಹಾರ್ಡಿನ್ ಎಂಬ ಅಂಧ ಸಂಗೀತಗಾರನದು. ಅವನು ನ್ಯಾಯಾಲಯಕ್ಕೆ ಹೋದ, 1954ರಲ್ಲಿ ಗೆದ್ದ. ಆಗ ಫ್ರೀಡ್ ತನ್ನ ಕಾರ್ಯಕ್ರಮಕ್ಕೆ ಹಿಡಿದ ಹೆಸರು ‘ರಾಕ್ ಅಂಡ್ ರೋಲ್’. ಕಪ್ಪು ಜನರ ಇಗರ್ಜಿಯ, ಮದ್ಯದಂಗಡಿಯ ಮಾತು ಹೀಗೆ ಒಂದು ಸಂಗೀತದ ನಾಮಧೇಯವಾಯಿತು. ಹೆಸರು ಹೊಸದಾದಾಗ ಕೊಳ್ಳುವವರಿಗೆ ಅದರ ಮೂಲ ಕಾಣದಾಯಿತು.

ಮುಂದಿನದು ಎರಡು ಮೂರು ವರ್ಷಗಳ ಬಿರುಗಾಳಿ. 1954ರ ಏಪ್ರಿಲಿನಲ್ಲಿ ಬಿಲ್ ಹೇಲಿ ಮುದ್ರಿಸಿದ ‘ರಾಕ್ ಅರೌಂಡ್ ದಿ ಕ್ಲಾಕ್’ ತಟ್ಟೆಯ ಎರಡನೆಯ ಬದಿಯಲ್ಲಿ, ಹೆಚ್ಚು ಜನರ ಗಮನಕ್ಕೆ ಬಾರದೆ ಬಿದ್ದಿತ್ತು. 1955ರಲ್ಲಿ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಎಂಬ ಚಲನಚಿತ್ರದ ಆರಂಭಕ್ಕೆ ಅದನ್ನು ಇಟ್ಟಾಗ ಹರೆಯದವರು ಹುಚ್ಚೆದ್ದರು. 1954ರ ಜುಲೈ 5ರಂದು ಮೆಂಫಿಸಿನ ಅದೇ ಪುಟ್ಟ ಸ್ಟುಡಿಯೋದಲ್ಲಿ ವಿದ್ಯುತ್ ಗುತ್ತಿಗೆಯ ಕಂಪೆನಿಯೊಂದರ ಲಾರಿ ಓಡಿಸುತ್ತಿದ್ದ ಹತ್ತೊಂಬತ್ತರ ತರುಣನೊಬ್ಬ, ಆರ್ಥರ್ ಕ್ರೂಡಪ್ ಎಂಬ ಕಪ್ಪು ಗಾಯಕ 1946ರಲ್ಲಿಯೇ ಹಾಡಿದ್ದ ಹಾಡನ್ನು ಹಾಡಿದ. ಆ ತರುಣ ಎಲ್ವಿಸ್ ಪ್ರೆಸ್ಲಿ. 1956ರ ಹೊತ್ತಿಗೆ ಅವನ ಹೆಸರು ತಿಳಿಯದ ನಗರವಿರಲಿಲ್ಲ. ಅದೇ ವರ್ಷ ಅವನಿಗೆ ಅಪಾರ ಕೀರ್ತಿ ತಂದ ‘ಹೌಂಡ್ ಡಾಗ್’ ಹಾಡನ್ನು 1952ರಲ್ಲಿಯೇ ಮುದ್ರಿಸಿ ಮೊದಲು ಗೆಲ್ಲಿಸಿದವಳು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. ಕ್ರೂಡಪನಿಗಾಗಲಿ ಥಾರ್ನ್‌ಟನಳಿಗಾಗಲಿ ಆ ಹಾಡುಗಳು ಗಳಿಸಿದ ಹಣದಲ್ಲಿ ನ್ಯಾಯವಾದ ಪಾಲು ಸಿಗಲಿಲ್ಲ.

ಇದನ್ನು ಬರಿಯ ಕಳ್ಳತನವೆಂದು ಕರೆದುಬಿಟ್ಟರೆ ವಿಷಯ ಸುಲಭವಾಗುತ್ತದೆ, ಆದರೆ ಸತ್ಯವಾಗುವುದಿಲ್ಲ. ಪ್ರೆಸ್ಲಿಯೂ ಮಿಸಿಸಿಪಿಯ ಕಡುಬಡವರ ಮಗ. ಆ ಹಾಡುಗಳನ್ನು ಪ್ರೀತಿಯಿಂದ ಕೇಳಿಯೇ ಕಲಿತವನು. ಕೊಡುಕೊಳು ಎರಡು ಕಡೆಯಿಂದಲೂ ನಡೆದಿತ್ತು. ಸೇಂಟ್ ಲೂಯಿಯ ಕಪ್ಪು ಗಾಯಕ ಚಕ್ ಬೆರಿ 1955ರಲ್ಲಿ ಹಾಡಿದ ‘ಮೇಬೆಲೀನ್’ ಬಿಳಿಯ ಹಳ್ಳಿಗರ ಪಿಟೀಲಿನ ಮಟ್ಟೊಂದರಿಂದ ಬೆಳೆದದ್ದು. ಕಲೆ ಕೈಯಿಂದ ಕೈಗೆ ಹೋಗಿಯೇ ಬೆಳೆಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೆಸರು ಒಂದೇ ದಿಕ್ಕಿಗೆ ಹೋಗುತ್ತಿತ್ತು. ಆ ಹಾಡನ್ನು ಕಟ್ಟಿದವರ ಸಾಲಿನಲ್ಲಿ ಉದ್ಘೋಷಕ ಆಲನ್ ಫ್ರೀಡನ ಹೆಸರನ್ನೂ ಸೇರಿಸಲಾಗಿತ್ತು. ಹಾಡು ಪೂರ್ತಿಯಾಗಿ ಬೆರಿಯ ಹೆಸರಿಗೆ ಮರಳಿದ್ದು 1986ರಲ್ಲಿ. ‘ದುಡಿದವನೊಬ್ಬ, ಉಂಡವನೊಬ್ಬ’ ಎಂಬ ನಮ್ಮ ಮಾತನ್ನು ಮೂವತ್ತೊಂದು ವರ್ಷ ಕಾದು ಸುಳ್ಳು ಮಾಡಿದವನು ಅವನು. ಎಲ್ಲರಿಗೂ ಅಷ್ಟು ಆಯುಸ್ಸು, ಅಷ್ಟು ಹಟ ಇರುವುದಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಆ ಸಂಗೀತ ಇಲ್ಲಿಗೆ ಬಂದ ದಾರಿಯೂ ರೇಡಿಯೋ ಮೂಲಕವೇ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಕೊಲಂಬೊದಲ್ಲಿ ನಿಲ್ಲಿಸಿದ ಪ್ರಬಲ ಪ್ರೇಷಕ ಯುದ್ಧಾನಂತರ ರೇಡಿಯೋ ಸಿಲೋನಿನ ಪಾಲಿಗೆ ಬಂತು. 1952ರಲ್ಲಿ ಕೇಂದ್ರ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಮೇಲಿನ ಗೌರವದಿಂದ ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಬಿಗಿಮಾಡಿದಾಗ ಕೇಳುಗರು ಕೊಲಂಬೊದತ್ತ ಮುಳ್ಳು ತಿರುಗಿಸಿದರು. ಅಲ್ಲಿ ಹಿಂದಿ ಹಾಡುಗಳ ಜೊತೆಗೆ ಇಂಗ್ಲಿಷ್ ಹಾಡುಗಳೂ ಇದ್ದುವು. 1957ರಲ್ಲಿ ‘ಆಶಾ’ ಚಿತ್ರದ ‘ಈನಾ ಮೀನಾ ಡೀಕಾ’ ಹಾಡಿನಲ್ಲಿ ಸಿ. ರಾಮಚಂದ್ರ ಅವರು ಈ ಲಯವನ್ನು ಹಿಂದಿಗೆ ತಂದರು. ಅಂಥ ಹಾಡುಗಳ ಹಿಂದೆ ದುಡಿದ ಗೋವೆಯ ವಾದ್ಯಗಾರರ ಹೆಸರುಗಳೂ ಬಹುಕಾಲ ತೆರೆಯ ಹಿಂದೆಯೇ ಉಳಿದುವು. 1978ರಲ್ಲಿ ನಮ್ಮ ರಾಜ್‌ಕುಮಾರ್ ಅವರೇ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ ಚಿತ್ರಕ್ಕಾಗಿ ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ಇಂಗ್ಲಿಷ್ ಹಾಡೊಂದನ್ನು ಹಾಡಿದಾಗ ಕನ್ನಡಿಗರು ಹುಬ್ಬುಗಂಟಿಕ್ಕಲಿಲ್ಲ, ಶಿಳ್ಳೆ ಹಾಕಿದರು.

ಗಣಿಯ ಊರಿಗೆ ಈ ಸಂಗೀತ ಇನ್ನೂ ಹತ್ತಿರದ್ದು. ಅಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿದ್ದುವು. ಕ್ರಿಸ್‌ಮಸ್ ಬಂದರೆ ನೃತ್ಯಕೂಟಗಳಿದ್ದುವು. ಇಂಗ್ಲೆಂಡಿನ ರಾಕ್ ಅಂಡ್ ರೋಲಿಗೆ 1958ರಲ್ಲಿ ನಾಂದಿ ಹಾಡಿದ ಕ್ಲಿಫ್ ರಿಚರ್ಡ್ 1940ರಲ್ಲಿ ಲಖನೌದಲ್ಲಿ ಹುಟ್ಟಿದವನೆಂಬುದನ್ನು ಆ ಜನ ಅಭಿಮಾನದಿಂದ ಹೇಳುತ್ತಿದ್ದರು. ನಾನು ಬಾಲಕನಾಗಿದ್ದ 1960ರ ದಶಕದ ಕೊನೆಯಲ್ಲಿ ಬಂಗಲೆಗಳ ಸಾಲಿನಿಂದ ಪ್ರೆಸ್ಲಿಯ ಹಾಡು ಕೇಳುತ್ತಿತ್ತು. ಆ ವೇಳೆಗೆ ಅನೇಕ ಕುಟುಂಬಗಳು ಇಂಗ್ಲೆಂಡಿಗೋ ಆಸ್ಟ್ರೇಲಿಯಕ್ಕೋ ಹೊರಟುಹೋಗಿದ್ದುವು. ಇನ್ನೊಂದು ದಿಕ್ಕಿನಿಂದ, ಕೂಲಿಕಾರರ ಲೈನುಗಳಿಂದ, ತಮಟೆಯ ಸದ್ದು ಬರುತ್ತಿತ್ತು. ಮಾರಿಯಮ್ಮನ ಜಾತ್ರೆಗೂ ತಮಟೆ, ಮದುವೆಗೂ ತಮಟೆ. ಗಣಿಯಲ್ಲಿ ಸತ್ತವನನ್ನು ಹೊತ್ತು ನಡೆಯುವಾಗಲೂ ಅದೇ. ಬೆಂಕಿಯ ಮುಂದೆ ಹಿಡಿದು ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಕಡ್ಡಿ ಎತ್ತುತ್ತಿದ್ದರು. ಆ ಲಯಕ್ಕೆ ನಿಂತ ಕಾಲು ನಿಲ್ಲುತ್ತಿರಲಿಲ್ಲ. ಆದರೆ ಬಂಗಲೆಯ ಹಾಡಿಗೆ ಕಿವಿಗೊಡುತ್ತಿದ್ದ ನಮ್ಮ ಹಿರಿಯರು ತಮಟೆ ಕೇಳಿಸಿದರೆ ಕಿಟಕಿ ಮುಚ್ಚುತ್ತಿದ್ದರು.

ಮುಂದೆ ನಾನು ಕೆಲಸ ಮಾಡಿದ ಕಾಲೇಜುಗಳಲ್ಲೊಂದರಲ್ಲಿ ವಾರ್ಷಿಕೋತ್ಸವದ ಸಿದ್ಧತೆ ನಡೆದಿತ್ತು. ಹುಡುಗರು ಎರಡು ವಾದ್ಯಗಳಿಗೆ ಅನುಮತಿ ಕೇಳಿದರು: ವಿದ್ಯುತ್ ಗಿಟಾರು ಮತ್ತು ತಮಟೆ. ಗಿಟಾರಿಗೆ ವೇದಿಕೆ ದೊರೆಯಿತು. ತಮಟೆ ಗೇಟಿನ ಬಳಿ ಅತಿಥಿಗಳನ್ನು ಬರಮಾಡಿಕೊಳ್ಳುವಾಗ ಬಾರಿಸಿದರೆ ಸಾಕು ಎಂಬ ತೀರ್ಮಾನವಾಯಿತು. ನಾನೂ ಇನ್ನೊಬ್ಬ ಅಧ್ಯಾಪಕರೂ ಆಕ್ಷೇಪಿಸಿದೆವು, ನಡೆಯಲಿಲ್ಲ. ದೂರದ ಹತ್ತಿಯ ಹೊಲದಲ್ಲಿ ತುಳಿತಕ್ಕೆ ಸಿಕ್ಕ ಜನ ಕಟ್ಟಿದ ಲಯ, ಹಡಗು ವಿಮಾನಗಳನ್ನೇರಿ ಹೊಸ ಹೆಸರಿನಲ್ಲಿ ಬಂದಾಗ ನಮಗೆ ನಾಗರಿಕವೆನಿಸಿತು. ನಮ್ಮದೇ ನೆಲದ ಅಂಥದೇ ಜನರ ಲಯ ಎರಡು ಬೀದಿ ಆಚೆಯಿಂದ ಬಂದಾಗ ಅದರ ಮೂಲ ನಮ್ಮ ಕಣ್ಣಿಗೆ ಕುಕ್ಕಿತು. ಮೂಲ ಮರೆಯಾದರೆ ಮಾತ್ರ ಕಲೆ ಮಡಿಯಾಗುತ್ತದೆಯೇ? ಅಮೆರಿಕದ ಬಿಳಿಯ ತಂದೆತಾಯಿಗಳು 1955ರಲ್ಲಿ ಆ ಸಂಗೀತಕ್ಕೆ ಹೆದರಿದ್ದಕ್ಕೂ ನಾವು ಕಿಟಕಿ ಮುಚ್ಚಿದ್ದಕ್ಕೂ ಕಾರಣ ಒಂದೇ. ಅವರಿಗಾದರೂ ಅದನ್ನು ಮರೆಸಿಕೊಡಲು ಒಬ್ಬ ಬಿಳಿಯ ಗಾಯಕ ಸಿಕ್ಕಿದ.

ಕೋಲಾರ ಸೀಮೆ ಈ ಪ್ರಶ್ನೆಗೆ ತನ್ನದೇ ಉತ್ತರವನ್ನು ಕೊಡಲಾರಂಭಿಸಿದೆಯೆಂಬುದು ಸಂತೋಷದ ವಿಷಯ. 1970ರ ದಶಕದಲ್ಲಿ ಹಬ್ಬಿದ ದಲಿತ ಚಳವಳಿ ತಮಟೆಯನ್ನು ಸಾವಿನ ಮನೆಯಿಂದ ಸಭೆಯ ಮುಂಭಾಗಕ್ಕೆ ತಂದಿತು. ಕೋಟಿಗಾನಹಳ್ಳಿ ರಾಮಯ್ಯನವರಂಥ ಕವಿಗಳು ಹಾಡು ಕಟ್ಟಿದರು. ಹಾಡುವವರು ಊರೂರು ಸುತ್ತಿದರು. ಇಲ್ಲಿ ಇನ್ನೊಬ್ಬರ ಬಾಯಿ ಬೇಕಾಗಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ದೊರೆತಾಗ, ಆ ವಾದ್ಯವೂ ಅದನ್ನು ನುಡಿಸಿದವನ ಹೆಸರೂ ರಾಷ್ಟ್ರಪತಿ ಭವನದಲ್ಲಿ ಒಟ್ಟಿಗೆ ಕೇಳಿದುವು.

ಆದರೆ ಗಣಿಯ ಮಾತು ಬೇರೆ. 1956ರ ಕೊನೆಯಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದುವು. 2001ರ ಫೆಬ್ರವರಿ 28ರಂದು ಮುಚ್ಚಿದುವು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಬಂಗಾರವನ್ನು ಮೇಲೆ ತಂದವರ ಮಕ್ಕಳು ಈಗ ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು, ಬೆಂಗಳೂರಿನ ಕೆಲಸಗಳಿಗೆ ಹೋಗುತ್ತಾರೆ. ಇಂದಿನ ತರುಣರಿಗೆ ಕೆ.ಜಿ.ಎಫ್. ಎಂದರೆ 2018ರಲ್ಲಿ ಬಂದ ಒಂದು ಚಲನಚಿತ್ರದ ಹೆಸರು. ಅದರಲ್ಲಿ ಬಂದೂಕಿನ ಸದ್ದು ಬಹಳ ಉಂಟು. ಲೈನಿನ ತಮಟೆಯ ನೆನಪು ಬೇರೆಲ್ಲೋ ಇದೆ.

ಎಲ್ಲಿದೆ? ಎಪ್ಪತ್ತು, ಎಂಬತ್ತು ದಾಟಿದ ಮುದುಕರ, ಮುದುಕಿಯರ ಬಾಯಲ್ಲಿದೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿ ಬೀಸುವ ಕಲ್ಲಿನ ಮುಂದಿನ ಕಾವ್ಯವನ್ನು ಉಳಿಸಿಕೊಟ್ಟರು. ಆ ಬಳಿಕ ನಮ್ಮ ಜಾನಪದ ಸಂಗ್ರಾಹಕರು ಹೆಚ್ಚಾಗಿ ಹೋದದ್ದು ಹಳ್ಳಿಗಳಿಗೆ. ಗಣಿ, ಗಿರಣಿ, ರೈಲ್ವೆ ವಸತಿಗಳ ಹಾಡು ನಮಗೆ ಜಾನಪದವೆಂದು ತೋರಲಿಲ್ಲ. ಜೊತೆಗೆ, ಅದು ಬಹುಪಾಲು ತಮಿಳಿನಲ್ಲಿ, ಸ್ವಲ್ಪ ತೆಲುಗಿನಲ್ಲಿ, ಅಲ್ಲಲ್ಲಿ ಕನ್ನಡದಲ್ಲಿ ಇದ್ದುದರಿಂದ ಯಾವ ಭಾಷೆಯ ವಿದ್ವಾಂಸರೂ ಅದನ್ನು ತಮ್ಮದೆಂದು ಎತ್ತಿಕೊಳ್ಳಲಿಲ್ಲ. ಕನ್ನಡದ ನೆಲದಲ್ಲಿ ಹಾಡಿದ್ದು ಕನ್ನಡನಾಡಿನದೇ ಅಲ್ಲವೆ? ಮೆಂಫಿಸಿನ ಆ ಸ್ಟುಡಿಯೋದಲ್ಲಿದ್ದ ಯಂತ್ರಕ್ಕಿಂತ ಸಮರ್ಥವಾದ ಧ್ವನಿಗ್ರಾಹಕ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿದೆ. ಹೋಗಿ, ಕೇಳಿ, ಮುದ್ರಿಸಿಕೊಂಡು, ಹಾಡಿದವರ ಹೆಸರನ್ನು ಮೊದಲು ಬರೆದು, ಆಮೇಲೆ ನಮ್ಮ ಹೆಸರನ್ನು ಬರೆಯಬೇಕು. ಈ ಕೆಲಸಕ್ಕೆ ಇನ್ನು ಹತ್ತು ವರ್ಷ ತಡಮಾಡಿದರೆ ಹಾಡುವವರು ಇರುವುದಿಲ್ಲ.